ಕಕಾರದ ಹೆಸರು

ಅವನಿಗೆ ಲಿಫ್ಟಣ್ಣ ಎಂಬ ಹೆಸರು ಅಂಟಿಕೊಂಡು ಹನ್ನೆರಡು ವರ್ಷವಾಗಿತ್ತು. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಕೈಕೊಟ್ಟರೆ ಚೀಲ ಹೆಗಲಿಗೇರಿಸಿ ಓಡಿಬರುವವನು ಅವನೇ. ಕೆಲಸಕ್ಕೆ ಸೇರಿದ ಮೊದಲ ದಿನ ಮೇಸ್ತ್ರಿ "ನಿನ್ನ ಹೆಸರೇನಪ್ಪಾ?" ಎಂದು ಕೇಳಿದ್ದರು. ಇವನು ಬಾಯಿ ತೆರೆದ. ಮೊದಲ ಅಕ್ಷರ ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮೇಸ್ತ್ರಿ ಅರ್ಧ ನಿಮಿಷ ಕಾದು, "ಹೋಗಲಿ ಬಿಡು, ಲಿಫ್ಟಣ್ಣ ಅಂತ ಕರೀತೀನಿ" ಎಂದು ನಕ್ಕುಬಿಟ್ಟರು. ಅವನಿಗೂ ಹಾಯೆನಿಸಿತು. 'ಲ' ಅವನಿಗೆ ಸಲೀಸಾದ ಅಕ್ಷರ.

ಸಲೀಸಲ್ಲದವು ಬೇರೆಯೇ ಇದ್ದವು. ಕ, ಗ, ಪ, ತ. ಅವು ಎದುರಿಗೆ ಬರುತ್ತಿವೆ ಎಂದು ದೂರದಿಂದಲೇ ಗುರುತಿಸಿ ಪಕ್ಕದ ಓಣಿಗೆ ನುಸುಳುವುದರಲ್ಲಿ ಅವನು ಚಿಕ್ಕಂದಿನಿಂದ ಪಳಗಿದ್ದ. ಕಾಫಿ ಎಂದರೆ ಪ್ರಾಣ, ಆದರೂ ಹೊರಗೆ ಹೋದಾಗ ಇಪ್ಪತ್ತು ವರ್ಷದಿಂದ ಚಹಾ ಕುಡಿಯುತ್ತಿದ್ದ. ಕೋರ್ಟಿನ ಹತ್ತಿರ ಇಳಿಯಬೇಕಾದಾಗ ಆಸ್ಪತ್ರೆಗೆ ಟಿಕೆಟ್ ಕೇಳಿ, ಅಲ್ಲಿಳಿದು ಹಿಂದಕ್ಕೆ ನಡೆದುಬರುತ್ತಿದ್ದ. ಲಿಫ್ಟಿನೊಳಗೆ ಸಿಕ್ಕಿಕೊಂಡವರಿಗೆ "ಗಾಬರಿಯಾಗಬೇಡಿ" ಎನ್ನುವ ಬದಲು ಹೊರಗಿನಿಂದ ಬಾಗಿಲಿಗೆ ಮೂರು ಸಲ ಬಡಿಯುತ್ತಿದ್ದ. ಜನ ಅವನನ್ನು ಮಿತಭಾಷಿ ಎಂದುಕೊಂಡಿದ್ದರು. "ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ, ನಮ್ಮ ಅಳಿಯಂದಿರು ಮಾತೇ ಆಡಲ್ಲ, ಇನ್ನು ಜಗಳ ಎಲ್ಲಿಂದ ಬರಬೇಕು!" ಎಂದು ಅತ್ತೆ ಮೆಚ್ಚಿಕೊಳ್ಳುತ್ತಿದ್ದರು.

ಹೆಂಡತಿ ಅವನಿಗೆ ತದ್ವಿರುದ್ಧ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳಿಗೆ ಯೂನಿಫಾರಂ ಹೊಲಿಯುತ್ತಿದ್ದಳು. ಯಂತ್ರ ನಿಂತರೂ ಅವಳ ಮಾತು ನಿಲ್ಲುತ್ತಿರಲಿಲ್ಲ. ಗಂಡ ಅರ್ಧ ಹೇಳಿದ್ದನ್ನು ತಾನೇ ಪೂರ್ತಿ ಮಾಡುತ್ತಿದ್ದಳು. ಅವನು ಆಗೀಗ ತಡವರಿಸುತ್ತಾನೆಂದು ಅವಳಿಗೆ ಗೊತ್ತಿತ್ತು. ಎಷ್ಟನ್ನು ಬಚ್ಚಿಡುತ್ತಾನೆಂದು ಗೊತ್ತಿರಲಿಲ್ಲ.

ಮಗಳು ಹುಟ್ಟಿ ಐದು ವಾರವಾಗಿತ್ತು. ಹೆಸರು ಹುಡುಕುವ ತಾಪತ್ರಯವೇ ಇರಲಿಲ್ಲ, ಏಕೆಂದರೆ ಹೆಂಡತಿ ತನ್ನ ಹನ್ನೆರಡನೇ ವಯಸ್ಸಿನಲ್ಲೇ ಅದನ್ನು ತೀರ್ಮಾನಿಸಿ ಆಗಿತ್ತು. ಶಾಲೆಯ ಗೋಡೆಯಲ್ಲಿ ವಾದ್ಯಗಳ ಚಿತ್ರಪಟವೊಂದಿತ್ತಂತೆ. ಅದರಲ್ಲಿ ಹಳೆಯ ಕಾಲದ ತಂತಿವಾದ್ಯವೊಂದರ ಕೆಳಗೆ 'ಕಿನ್ನರಿ' ಎಂದು ಬರೆದಿತ್ತಂತೆ. ಮಗಳು ಹುಟ್ಟಿದರೆ ಇದೇ ಹೆಸರು ಎಂದು ಅವಳು ಅಂದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಳು.

"ಹೇಗಿದೆ ರೀ?" ಎಂದು ಆಸ್ಪತ್ರೆಯ ಮಂಚದ ಮೇಲಿಂದಲೇ ಕೇಳಿದ್ದಳು.

"ಚೆನ್ನಾಗಿದೆ," ಎಂದಿದ್ದ ಲಿಫ್ಟಣ್ಣ. ಸುಳ್ಳೇನೂ ಅಲ್ಲ, ಹೆಸರು ನಿಜಕ್ಕೂ ಚೆನ್ನಾಗಿತ್ತು. ಆದರೆ ಅದು ಶುರುವಾಗುವುದೇ ಕಕಾರದಿಂದ.

ಕೆಲಸಕ್ಕೆ ಮರಳಿದ ಮೇಲೆ ಅವನು ಗುಟ್ಟಾಗಿ ಅಭ್ಯಾಸ ಶುರುಮಾಡಿದ. ಎಂಟು ಮಹಡಿಯ ಕಟ್ಟಡವೊಂದರಲ್ಲಿ ಕೆಳಗೆ ನಿಲ್ಲಿಸಿದ ಲಿಫ್ಟಿನ ಪೆಟ್ಟಿಗೆಯ ತಲೆಯ ಮೇಲೆ ಕೂತು, ಬಾಗಿಲ ಉರುಳೆಗಳಿಗೆ ಗ್ರೀಸ್ ಹಚ್ಚುತ್ತ, ಸುತ್ತ ಯಾರೂ ಇಲ್ಲದ್ದನ್ನು ನೋಡಿ "ಕಿನ್ನರಿ" ಎಂದ. ಬೆಣ್ಣೆಯಲ್ಲಿ ಕೂದಲೆಳೆದಷ್ಟು ನಯವಾಗಿ ಬಂತು. ಜೋರಾಗಿ ಕರೆದ. ಆ ಕಿರಿದಾದ ಗೋಡೆಗಳ ನಡುವೆ ಹೆಸರು ಬಾವಿಯಲ್ಲಿ ಕೂಗಿದಂತೆ ಎಂಟನೇ ಮಹಡಿಯವರೆಗೂ ಏರಿತು. ಒಬ್ಬನೇ ಇದ್ದಾಗ ಯಾವ ಅಕ್ಷರವೂ ಅವನ ಮೇಲೆ ಹಗೆ ಸಾಧಿಸುತ್ತಿರಲಿಲ್ಲ. ಆ ಸಂಜೆ ಹುರುಪಿನಿಂದ ಮನೆಗೆ ಬಂದು ಕೈಕಾಲು ತೊಳೆದು ತೊಟ್ಟಿಲ ಮೇಲೆ ಬಾಗಿದ. ಹೆಂಡತಿ ಯಂತ್ರದ ಹಿಂದಿನಿಂದ ನೋಡುತ್ತಿದ್ದಳು. ನಾಲಿಗೆಯ ಬುಡ ಗಟ್ಟಿಯಾಯಿತು.

"ಪಾಪು" ಎನ್ನುವುದೂ ಆಗಲಿಲ್ಲ. "ಏ ಚಿನ್ನಿ," ಎಂದು ಸುಮ್ಮನಾದ.

ಹೀಗೇ ಹತ್ತು ದಿನ ಕಳೆಯಿತು. ಅತ್ತೆ ಮಗುವನ್ನು ಹೆಸರು ಹಿಡಿದೇ ಮಾತಾಡಿಸುತ್ತಿದ್ದರು. ಹೆಂಡತಿ ಚಿಕ್ಕ ಹೊದಿಕೆಯೊಂದರ ಮೂಲೆಯಲ್ಲಿ ಕೆಂಪು ದಾರದಿಂದ ಹೆಸರು ಹೊಲಿದಳು. ಅಪ್ಪ ಮಾತ್ರ ಚಿನ್ನಿ, ಮುದ್ದು, ಬಂಗಾರಿ ಎಂದು ಸುತ್ತುತ್ತಿದ್ದ.

ಶನಿವಾರ ಮಧ್ಯಾಹ್ನ ಅವನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಒಳಗಿನ ಪಿಸುಮಾತು ಕಿವಿಗೆ ಬಿತ್ತು.

"ಹೆಣ್ಣಾಯ್ತು ಅಂತ ಒಳಗೊಳಗೇ ಬೇಜಾರಿರಬೇಕು ಕಣೇ," ಎನ್ನುತ್ತಿದ್ದರು ಅತ್ತೆ. "ಇಲ್ಲದಿದ್ರೆ ಹೆತ್ತಪ್ಪ ಒಂದು ದಿನಾನಾದ್ರೂ ಹೆಸರು ಹಿಡಿದು ಕರೀಬಾರದಾ?"

ಹೆಂಡತಿ ಅಲ್ಲವೆನ್ನದೆ ಹೊಲಿಯುತ್ತಲೇ ಇದ್ದದ್ದು ಅವನನ್ನು ಚುಚ್ಚಿತು. ಒದ್ದೆ ಅಂಗಿಯನ್ನು ಬಕೆಟ್ಟಿಗೆ ಹಾಕಿ ಒಳಗೆ ಬಂದ. ಅತ್ತೆ ಅಳಿಯನ ಮುಖ ನೋಡಿ ಮೆಲ್ಲಗೆ ಅಡುಗೆಮನೆಗೆ ಸರಿದರು.

"ಬೇಜಾರಾ ನಿಮಗೆ?" ಹೆಂಡತಿ ನೇರವಾಗಿಯೇ ಕೇಳಿದಳು. "ಇದ್ರೆ ಇದೆ ಅಂತ ಹೇಳಿಬಿಡಿ. ಮನಸ್ಸಲ್ಲಿ ಇಟ್ಕೊಂಡು ಕೊರಗಬೇಡಿ."

"ನಾನು ಹೇಳ್ತೀನಿ. ನೀನು ನಡುವೆ ಬಾಯಿ ಹಾಕಬೇಡ."

ಅವಳು ಯಂತ್ರದಿಂದ ಕೈ ತೆಗೆದಳು.

"ಹೆಣ್ಣು ಅಂತ ಬೇಜಾರು ಅಂದೋರು ಯಾರು? ಅವಳು ಹುಟ್ಟಿದ ದಿನ ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಅತ್ತಿದ್ದೀನಿ. ಹೆಸರೂ ಇಷ್ಟ. ಆದ್ರೆ ಆ ಮೊದಲನೇ ಅಕ್ಷರ ನನ್ನ ಬಾಯಲ್ಲಿ ಬರಲ್ಲ. ನಾಳೆ ಅವಳು ರಸ್ತೆ ದಾಟ್ತಿರ್ತಾಳೆ. ಎದುರಿಗೆ ಲಾರಿ ಬರುತ್ತೆ. ನಾನು ಏನು ಅಂತ ಕೂ... ಕೂ..."

ಹೆಂಡತಿಯ ತುಟಿ ಎಂದಿನ ಅಭ್ಯಾಸದಂತೆ ಅಲುಗಿತು. ಅವಳು ಅದನ್ನು ಕಚ್ಚಿ ಹಿಡಿದಳು.

"...ಕೂಗಲಿ?" ಎಂದು ಅವನೇ ಮುಗಿಸಿದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತ್ತು. ಹೆಂಡತಿ ಅವನನ್ನೇ ನೋಡಿದಳು. ಏನನ್ನೋ ಹಿಂದಕ್ಕೆ ಹಿಂದಕ್ಕೆ ಎಣಿಸಿಕೊಂಡು ಹೋಗುತ್ತಿರುವಂತೆ ಅವಳ ಕಣ್ಣು ಕಿರಿದಾಯಿತು.

"ನನ್ನ ಹೆಸರೂ ನೀವು ಒಂದು ಸಲಾನೂ ಕರೆದಿಲ್ಲ," ಎಂದಳು. "ಮದುವೆಯಾಗಿ ನಾಲ್ಕು ವರ್ಷ. 'ಇವಳೇ' ಅಂತೀರಿ. 'ಏನೇ' ಅಂತೀರಿ. ಇಲ್ಲಾ, ಬಾಗಿಲ ಹತ್ರ ನಿಂತು ಕೆಮ್ಮುತ್ತೀರಿ. ಗಂಡಸರಿಗೆ ಅದೊಂದು ಬಿಗುಮಾನ ಅಂದ್ಕೊಂಡಿದ್ದೆ ನಾನು. ಅದು ಗಕಾರ, ಅದಕ್ಕೇ ಅಲ್ವಾ?"

ಅವನು ಹೌದೆಂದು ತಲೆಯಾಡಿಸಿದ.

"ಈಗ ಕರೀರಿ. ನಾನು ಕಾಯ್ತೀನಿ."

ಅವನು ಪ್ರಯತ್ನಿಸಿದ. ದವಡೆ ಬಿಗಿಯಿತು, ಕತ್ತಿನ ನರ ಉಬ್ಬಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಉಸಿರು ಎಲ್ಲೋ ನಿಂತು ಮತ್ತೆ ಹೊರಟಿತು. ಹೆಂಡತಿ ಹೊಲಿಯುತ್ತಿದ್ದ ಅಂಗಿಯ ಕಾಲರನ್ನು ಬಾಯಿಗೆ ಒತ್ತಿ ಹಿಡಿದು, ತನ್ನ ನಾಲಿಗೆ ತುದಿಯಲ್ಲೇ ಇದ್ದ ತನ್ನ ಹೆಸರನ್ನು ಅವನಿಗೆ ಎತ್ತಿಕೊಡದೆ ಕೂತಳು. ಕೊನೆಗೆ ನಾಲ್ಕಕ್ಷರವೂ ಒಂದರ ಹಿಂದೊಂದು ಹೊರಗೆ ಬಂದವು. ಕಣ್ಣು ತೆರೆದಾಗ ಅವಳು ಅಳುತ್ತಿದ್ದಳು.

"ನನ್ನ ಹೆಸರು ಇಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದು ಮೂಗು ಒರೆಸಿಕೊಂಡಳು. ಆ ಕಾಲರನ್ನು ಆಮೇಲೆ ತೊಳೆಯಬೇಕಾಯಿತು.

ಅತ್ತಾದ ಮೇಲೆ ಅವಳು ಟೊಂಕ ಕಟ್ಟಿ ನಿಂತಳು. ಅಪ್ಪ ಕರೆಯಲಾಗದ ಹೆಸರು ಮಗುವಿಗೆ ಬೇಡವೇ ಬೇಡ ಎಂದಳು. ಬದಲಿಸುವುದು ಬೇಡವೆಂದು ಅವನು ಹೇಳಿದರೂ ಕೇಳಲಿಲ್ಲ. ಸೋಮವಾರ ಮಗುವಿನ ಹೆಸರು ಬರೆಸಲು ಜನನ ನೋಂದಣಿ ಕಚೇರಿಗೆ ಹೋಗುವುದೆಂದು ಮೊದಲೇ ಗೊತ್ತಾಗಿತ್ತು, ಅಷ್ಟರೊಳಗೆ ಬೇರೆ ಹೆಸರು ಆಗಬೇಕು. "ಯಾವ ಅಕ್ಷರ ಸಲೀಸು ಹೇಳಿ," ಎಂದು ಪೆನ್ಸಿಲ್ ಹಿಡಿದು ಕೂತಳು. ಹ, ಲ, ನ, ಮ ಎಂದ ಅವನು. ಒಂದು ಗಂಟೆಯ ಚರ್ಚೆಯ ನಂತರ 'ಹನಿ' ಎಂಬುದು ನಿಂತಿತು.

"ಹನಿಯಾ?" ಅತ್ತೆ ಹುಬ್ಬೇರಿಸಿದರು. "ಅಪ್ಪ ಲಿಫ್ಟು, ಮಗಳು ನಲ್ಲಿ. ಮನೆಯೋ ರಿಪೇರಿ ಅಂಗಡಿಯೋ!" ಎಂದವರು ಮರುಕ್ಷಣ ತಗ್ಗಿದ ದನಿಯಲ್ಲಿ, "ನಾನು ಬಾಯಿಗೆ ಬಂದಿದ್ದು ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ ಅಳಿಯಂದಿರೇ," ಎಂದರು. ಅದು ನಲ್ಲಿಯ ಮಾತಿಗಲ್ಲ, ಮಧ್ಯಾಹ್ನದ ಪಿಸುಮಾತಿಗೆ ಎಂದು ಅವನಿಗೆ ತಿಳಿಯಿತು.

ಆ ಸಂಜೆ ಅವನು ಮಗುವನ್ನು ಎತ್ತಿಕೊಂಡು ಹನಿ, ಹನಿ ಎಂದು ನೂರು ಸಲ ಕರೆದಿರಬೇಕು. ಒಮ್ಮೆಯೂ ತಡೆಯಲಿಲ್ಲ. ಆದರೆ ಕೋಣೆಗೆ ಬಂದಾಗ ಹೆಂಡತಿ ಕಿಟಕಿಯ ಬಳಿ ಕೂತು, ಹೊದಿಕೆಯ ಮೂಲೆಯ ಕೆಂಪು ದಾರವನ್ನು ಸೂಜಿಯ ತುದಿಯಿಂದ ಬಿಚ್ಚುತ್ತಿದ್ದಳು. ಗಂಡನನ್ನು ಕಂಡು ಮುಗುಳ್ನಕ್ಕು ಹೊದಿಕೆ ಮಡಚಿಟ್ಟಳು.

ಭಾನುವಾರ ಬೆಳಗ್ಗೆ ಮೇಲಿನ ಮನೆಯ ನಿವೃತ್ತ ಅಂಚೆಯಣ್ಣ ಮಗುವನ್ನು ನೋಡಲು ಬಂದರು. ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂತು, "ಏನು ಹೆಸರಿಟ್ಟಿರಪ್ಪಾ?" ಎಂದರು.

ಹೆಂಡತಿ, ಅತ್ತೆ ಇಬ್ಬರೂ ಲಿಫ್ಟಣ್ಣನ ಕಡೆ ತಿರುಗಿದರು. ಅವನು ನಗುತ್ತಲೇ ಬಾಯಿ ತೆರೆದ.

"ಹ..."

ಅಲ್ಲಿಗೇ ನಿಂತಿತು. ಜೀವಮಾನದಲ್ಲಿ ಎಂದೂ ಕೈಕೊಡದ ಅಕ್ಷರ!

"ಹೇಮಾ?" ಎಂದರು ಅಂಚೆಯಣ್ಣ, ವಿಳಾಸ ಅಳಿಸಿಹೋದ ಕಾಗದ ಸಿಕ್ಕವರಂತೆ ಮುಂದಕ್ಕೆ ಬಾಗಿ. "ಹರಿಣಿ? ಹಂಸ? ಹಾ, ಹೊಂಬಾಳೆ!"

"ಹನಿ," ಎಂದಳು ಹೆಂಡತಿ, ನೋಡಲಾರದೆ.

"ಹನಿ. ಚಿಕ್ಕದು, ಚೊಕ್ಕದು," ಎಂದು ಮಗುವಿನ ಕೆನ್ನೆ ಮುಟ್ಟಿ ಅವರು ಎದ್ದುಹೋದರು.

ಅತ್ತೆ ಛಾವಣಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಲಿಫ್ಟಣ್ಣ ನಗಲು ಶುರುಮಾಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿ ಗಾಬರಿಯಿಂದ ಹತ್ತಿರ ಬಂದಳು.

"ಅಕ್ಷರದ್ದಲ್ಲ ಕಣೇ ತಪ್ಪು," ಎಂದ ಅವನು ಕಣ್ಣೊರೆಸಿಕೊಳ್ಳುತ್ತ. "ನಾನು ಯಾವುದನ್ನ ಹೇಳಲೇಬೇಕೋ ಅದು ಬಂದು ಬಾಗಿಲು ಹಾಕುತ್ತೆ. ಇವತ್ತು ಹಕಾರಕ್ಕೆ ಓಡಿದ್ರೆ ನಾಳೆ ಮಕಾರಕ್ಕೆ ಓಡಬೇಕು. ವರ್ಣಮಾಲೆ ಮುಗಿಯುತ್ತೆ, ನನ್ನ ಓಟ ಮುಗಿಯಲ್ಲ." ತೊಟ್ಟಿಲ ಕಡೆ ತಿರುಗಿ, "ಆ ದಾರ ಬಿಚ್ಚಬೇಡ," ಎಂದ. "ಅವಳು ಹುಟ್ಟಿದಾಗಿಂದ ಕೇಳ್ತಾ ಬೆಳೆದ್ರೆ, ನಮ್ಮಪ್ಪ ಕರೆಯೋದೇ ಹೀಗೆ ಅಂತ ಅವಳಿಗೆ ಅಭ್ಯಾಸ ಆಗುತ್ತೆ."

"ಲಾರಿ ಬಂದ್ರೆ?" ಎಂದಳು ಹೆಂಡತಿ.

ಉತ್ತರ ಕೊಟ್ಟವರು ಅತ್ತೆ. "ಲಾರಿ ಬಂದ್ರೆ ಕೂಗ್ತಾ ನಿಲ್ಲೋರು ಯಾರು? ಓಡಿಹೋಗಿ ಎಳ್ಕೊಳ್ಳೋದಪ್ಪ. ಹೆಸರು ಬಾಯಿಪಾಠ ಇರೋರೂ ಅಷ್ಟೇ ಮಾಡೋದು."

ಹೆಂಡತಿ ಹೊದಿಕೆ ತಂದು ಬಿಡಿಸಿ ನೋಡಿದಳು. ಕೊನೆಯಿಂದ ಬಿಚ್ಚಿದ್ದರಿಂದ 'ಕಿನ್ನ' ಮಾತ್ರ ಉಳಿದಿತ್ತು.

"ಇರಲಿ ಬಿಡೇ, ಅಳಿಯಂದಿರು ಹೇಗೂ ಅರ್ಧಕ್ಕೇ ನಿಲ್ಲಿಸ್ತಾರೆ," ಎಂದರು ಅತ್ತೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಎಲ್ಲರಿಗಿಂತ ಮೊದಲು ನಕ್ಕವನು ಲಿಫ್ಟಣ್ಣ.

ಸೋಮವಾರ ಹತ್ತೂವರೆಗೆ ಅವರು ನೋಂದಣಿ ಕಚೇರಿಯ ಸಾಲಿನಲ್ಲಿದ್ದರು. ಮಗು ಹೆಂಡತಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಗಾಜಿನ ಹಿಂದೆ ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ಗುಮಾಸ್ತೆ ಕೂತಿದ್ದಳು. ಕೈಬರಹ ನಂಬಿ ಎಷ್ಟೋ ಹೆಸರು ಕೆಟ್ಟಿದ್ದರಿಂದ, ಫಾರಂ ಕೈಯಲ್ಲಿದ್ದರೂ ಅವಳು ಪ್ರತಿಯೊಂದನ್ನೂ ಬಾಯಿಂದ ಹೇಳಿಸಿಕೊಂಡೇ ಟೈಪ್ ಮಾಡುತ್ತಿದ್ದಳು.

"ಮಗುವಿನ ಹೆಸರು?"

ಹೆಂಡತಿ ತುಟಿ ಬಿಗಿದು ನಿಂತಳು.

"ಕಿ... ಕಿ..."

"ಕಿರಣ?" ಗುಮಾಸ್ತೆಯ ಬೆರಳು ಆಗಲೇ ಕೀಲಿಗಳ ಮೇಲೆ ಓಡಿತ್ತು. ಅವನು ಅಲ್ಲವೆಂದು ತಲೆಯಾಡಿಸಿದ. ಹಿಂದಿನಿಂದ ಯಾರೋ, "ಬೇಗ ಆಗಲಿ ಸ್ವಾಮಿ, ನಮಗೂ ಕೆಲಸ ಇದೆ," ಎಂದರು. ಹೆಂಡತಿ ತಿರುಗಿ ಒಂದು ನೋಟ ನೋಡಿದಳು. ಆತ ಗೋಡೆಯ ಗಡಿಯಾರದಲ್ಲಿ ಆಸಕ್ತನಾದ.

ಲಿಫ್ಟಣ್ಣನ ಕಿವಿ ಬಿಸಿಯಾಯಿತು. ಫಾರಮ್ಮಿನ ಮೇಲೆ ಬೆರಳಿಟ್ಟು ತೋರಿಸಿದರೆ ಮುಗಿದುಹೋಗುತ್ತಿತ್ತು. ಅವನು ಬೆರಳಿಡಲಿಲ್ಲ. ಕೌಂಟರಿನ ಅಂಚು ಹಿಡಿದು, ನಿಂತ ಉಸಿರನ್ನು ಬಿಟ್ಟು, ಮತ್ತೆ ಮೊದಲಿನಿಂದ ಶುರುಮಾಡಿದ. ಗುಮಾಸ್ತೆ ಏನೆಂದುಕೊಂಡಳೋ, ಟೈಪಿಸಿದ್ದನ್ನು ಅಳಿಸಿ ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು ಅವನ ಮುಖ ನೋಡುತ್ತ ಕೂತಳು.

"ಕಿ... ಕಿನ್ನರಿ."

"ನಕಾರಕ್ಕೆ ಒತ್ತು ಇದೆ, ಅಲ್ವಾ?"

"ಹೂಂ. ಒತ್ತು ಇದೆ."

ಹಾಳೆ ಅಚ್ಚಾಗಿ ಹೊರಬಂತು. ಹೆಂಡತಿ ಅದನ್ನು ಎರಡು ಸಲ ಓದಿ, ಮಡಿಕೆ ಬೀಳದಂತೆ ಚೀಲದಲ್ಲಿಟ್ಟಳು.

ಮನೆಗೆ ಹೋಗುವ ಬಸ್ಸಿನಲ್ಲಿ ಮಗು ಎಚ್ಚರಗೊಂಡು ಪಕ್ಕದ ಸೀಟಿನ ಹೆಂಗಸಿನ ಕಿವಿಯೋಲೆಯನ್ನೇ ನೋಡತೊಡಗಿತು. "ಅಯ್ಯೋ ನನ್ನ ಬಂಗಾರವೇ, ಏನಮ್ಮಾ ನಿನ್ನ ಹೆಸರು?" ಎಂದಳು ಆಕೆ. ಹೆಂಡತಿಗೆ ಕೂಡಲೇ ಕಿಟಕಿಯ ಹೊರಗಿನ ಪಾತ್ರೆ ಅಂಗಡಿಯಲ್ಲಿ ಏನೋ ನೋಡುವುದಿತ್ತು.

ಲಿಫ್ಟಣ್ಣ ಶುರುಮಾಡಿದ. ಹೆಸರು ಮುಗಿಯುವಷ್ಟರಲ್ಲಿ ಬಸ್ಸು ಒಂದು ಸ್ಟಾಪು ದಾಟಿತ್ತು.

"ಚೆನ್ನಾಗಿದೆಯಪ್ಪ. ಅರ್ಥ ಏನು?" ಎಂದಳು ಆ ಹೆಂಗಸು.

ಅದನ್ನು ಹೇಳಲು ಅವನು ಇನ್ನೂ ಎರಡು ಸ್ಟಾಪು ತೆಗೆದುಕೊಂಡ.