ಉಡಿಯಲ್ಲಿ ಎರಡು ತೊಗರಿ ಕಾಳು

ನೆಲೋಗಿ ಊರಿಗೆ ಇನ್ನೂ ಮೋಟಾರು ಬಾರದ ಕಾಲ. ನಿಂಬೆವ್ವನ ಮೊಮ್ಮಗ ಚಂದ್ರಾಮ ಮೂರು ಹೆಣ್ಣುಮಕ್ಕಳ ಬೆನ್ನಿಗೆ ಹುಟ್ಟಿದ ಗಂಡು. ಎರಡು ವರ್ಷ ತುಂಬುತ್ತ ಬಂದರೂ ನಡೆಯುತ್ತಿರಲಿಲ್ಲ. ಒಂದು ದಿನ ಮಗ ರೇವಣಪ್ಪ ಹೊಲದಿಂದ ಬಂದವನೇ ಹೇಳಿದ:

“ಅವ್ವಾ, ಸೋಮವಾರ ಬರೆ ಹಾಕಾಂವ ಬರ್ತಾನ. ಕಾಲಿಗೆ ಎರಡು ಬರೆ ಬಿದ್ರ ನರ ಬಿಗೀತಾವಂತ.”

ಒಲೆಯ ಮುಂದಿದ್ದ ಸೊಸೆ ಕಸ್ತೂರಿಬಾಯಿಯ ಕೈಯಲ್ಲಿ ರೊಟ್ಟಿ ಹರಿಯಿತು.

“ಮುಗಿಲು ನೋಡದ ಬಿತ್ತತಿ ಏನಲೇ?” ಎಂದಳು ನಿಂಬೆವ್ವ. “ಸೋಮವಾರಕ್ಕ ಇನ್ನ ನಾಕ ದಿನ ಅದ. ಕೂಸಿನ್ನ ನಾ ನೋಡ್ತೇನಿ.”

“ನೋಡೂದೇನದ? ದಿನಾ ಕಣ್ಣ ಮುಂದ ಅದಾನಲ್ಲ.”

“ನಿನ್ನ ಮೂಗೂ ದಿನಾ ಕಣ್ಣ ಮುಂದ ಅದ. ಕಾಣ್ತದೇನು?”

ಮರುದಿನ ಅವಳು ಪಡಸಾಲೆಯ ಕಂಬಕ್ಕೆ ಆತು, ತೊಗರಿ ಹಸನು ಮಾಡುತ್ತ ಕುಳಿತಳು. ಕೂಸನ್ನು ನೆಲಕ್ಕೆ ಬಿಟ್ಟಾಗಲೆಲ್ಲ ಒಂದು ಕಾಳು ಉಡಿಗೆ ಹಾಕಿಕೊಂಡಳು. ದೊಡ್ಡ ಅಕ್ಕನ ಟೊಂಕದಿಂದ ನಡುವಿನವಳ ಟೊಂಕಕ್ಕೆ, ಅಲ್ಲಿಂದ ತಾಯಿಯ ತೊಡೆಗೆ. ಹುಡುಗ ಕೋಳಿಯ ಕಡೆ ಬೆರಳು ಮಾಡಿದರೆ ಅಕ್ಕಂದಿರ ಕೈಯಲ್ಲಿ ಕೋಳಿಯೇ ಅವನ ಹತ್ತಿರ ಬರುತ್ತಿತ್ತು. ಕೆಳಗೆ ಕೂಡಿಸಿದರೋ, “ಅಯ್ಯ, ಮಣ್ಣಾಗ್ತಾನ!” ಎಂದು ಯಾರಾದರೂ ಎತ್ತಿಕೊಂಡೇಬಿಡುತ್ತಿದ್ದರು.

ಸಂಜೆ ಮುದುಕಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡಳು. ಅಂಗಾಲು ಬೆಣ್ಣೆ. ಅವಳ ಹೊಟ್ಟೆಗೆ ಕೊಟ್ಟ ಒದೆತ ಮಾತ್ರ ಹೋರಿಯದು.

ಉಡಿ ಬಿಚ್ಚಿ ಸೊಸೆಗೆ ತೋರಿಸಿದಳು. “ನೋಡವಾ, ನಿನ್ನ ಮಗ ಇವತ್ತ ನೆಲ ಕಂಡದ್ದು ಎರಡ ಸಲ.”

ಶನಿವಾರ ನಿಂಬೆವ್ವ ಹುಡುಗಿಯರಿಗೆ ಬುತ್ತಿ ಕೊಟ್ಟು ಹೊಲಕ್ಕೆ ಕಳಿಸಿದಳು. ಕೂಸನ್ನು ಬೀಸುಕಲ್ಲಿನ ಬಳಿ ಇಳಿಸಿ ಜೋಳ ಬೀಸತೊಡಗಿದಳು. ಚಂದ್ರಾಮ ಕಿರುಚಿದ. ಕಸ್ತೂರಿಬಾಯಿ ಓಡಿ ಬಂದಳು.

“ಅಲ್ಲೇ ನಿಂದರವಾ.”

ಮುದುಕಿ ಹಾಗೆಂದಳೇ ಹೊರತು ಎತ್ತಿಕೊಳ್ಳಲು ಅವಳ ಕೈಯೂ ತುಡಿಯುತ್ತಿತ್ತು. ಕಲ್ಲಿನ ಗೂಟವನ್ನೇ ಬಿಗಿಯಾಗಿ ಹಿಡಿದಳು. ಅಳುತ್ತಿದ್ದವನ ಕಣ್ಣು ತಿರುಗುವ ಗೂಟದ ಮೇಲೆ ಬಿತ್ತು. ಅಳು ನಿಂತಿತು. ತೆವಳಿ ಬಂದ, ಅಜ್ಜಿಯ ಮೊಣಕಾಲು ಹಿಡಿದು ಎದ್ದ, ಗೂಟಕ್ಕೆ ಜೋತುಬಿದ್ದ. ನಿಂಬೆವ್ವ ಮೆಲ್ಲಗೆ ತಿರುಗಿಸಿದಳು. ಗೂಟ ಸರಿದಂತೆ ಅವನೂ ಅಡ್ಡಡ್ಡ ಸರಿದ. ಒಂದು ಹೆಜ್ಜೆ, ಮತ್ತೊಂದು, ಆಮೇಲೆ ಹಿಟ್ಟಿನಲ್ಲಿ ಧೊಪ್ಪನೆ ಕುಳಿತ. ಯಾರೂ ಎತ್ತಲಿಲ್ಲ. ತಾನೇ ಎದ್ದ.

ಕಸ್ತೂರಿಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳೋ ನಕ್ಕಳೋ, ಅತ್ತೆಗೆ ತಿಳಿಯಲಿಲ್ಲ.

ಸೋಮವಾರ ಬರೆ ಹಾಕುವವನು ಬಂದ. “ಕೂಸೆಲ್ಲದರಿ?”

ಮೈತುಂಬ ಹಿಟ್ಟು ಬಳಿದುಕೊಂಡ ಚಂದ್ರಾಮ ಕಲ್ಲಿನ ಸುತ್ತ ಸರಿಯುತ್ತಿದ್ದ. ರೇವಣಪ್ಪ ಮಗನನ್ನೇ ನೋಡುತ್ತ ನಿಂತ. ಆಮೇಲೆ ಚಾಪೆ ಹಾಸಿದ.

“ಬರೆ ಬ್ಯಾಡ್ರಿ. ಬರ್ರಿ, ರೊಟ್ಟಿ ತಿಂದ ಹೋಗ್ರಿ. ನನ್ನ ಮಗ ಬೀಸಿದ ಹಿಟ್ಟದ.”

“ಅರ್ಧ ಮಣ್ಣದ,” ಎಂದಳು ನಿಂಬೆವ್ವ. “ನೋಡ್ಕೊಂಡ ತಿನ್ರಿ.”