ಉಗುಳಿದ್ದು, ನುಂಗಿದ್ದು

ಭಾವನ ಮಗ್ಗಿನಲ್ಲಿ ಇದ್ದದ್ದು ಬರೀ ನೀರು. ತೊಳೆಯಲು ಒಯ್ದಿದ್ದ ಟೈಲರ್ ಅದನ್ನು ಕಿಟಕಿಯ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದ. ಹಲ್ಲಿನ ಡಾಕ್ಟರಮ್ಮನ ಬಿಳಿ ಮಗ್ಗು ದಾಳಿಂಬೆ ಹಿಂಡಿಟ್ಟ ಹಾಗೆ ಕೆಂಪಗಿತ್ತು. ಬಸ್ ಡ್ರೈವರನದ್ದು ಕೆಂಪು, ತನ್ನದೂ ಕೆಂಪು. ನಾಲ್ಕು ಜನ ರುಚಿ ನೋಡಲೆಂದು ಅವೇ ಬಾಟಲಿಗಳ ವೈನನ್ನು ಬಾಯಿಗೆ ಹಾಕಿ, ಮುಕ್ಕಳಿಸಿ, ತಮ್ಮ ತಮ್ಮ ಮಗ್ಗಿಗೆ ಉಗುಳಿದ್ದರು. ಹಾಗಿದ್ದ ಮೇಲೆ ಭಾವನ ಮಗ್ಗಿನ ಬಣ್ಣ ಎಲ್ಲಿಗೆ ಹೋಯಿತು? ಎಲ್ಲಿಗೆ ಹೋಗುತ್ತದೆ! ವೈನನ್ನು ಗುಟುಕರಿಸಿ, ಪಕ್ಕದ ಲೋಟದ ನೀರನ್ನು ಬಾಯಿ ತುಂಬಿಕೊಂಡು, ಆ ನೀರನ್ನು ಎಲ್ಲರೆದುರು ಶಾಸ್ತ್ರೋಕ್ತವಾಗಿ ಉಗುಳಿದ್ದರು ಮಹಾನುಭಾವರು.

ಭಾವನ ಲಿವರ್ ಕೆಟ್ಟು, ಆಸ್ಪತ್ರೆಯಲ್ಲಿ ಹೊಟ್ಟೆಯಿಂದ ನೀರು ತೆಗೆಸಿಕೊಂಡು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಇನ್ನೊಂದು ಹನಿ ಒಳಗೆ ಹೋದರೂ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಕೈ ಮುಗಿದು ಹೇಳಿ ಕಳಿಸಿದ್ದರು. ಮನೆಗೆ ಬಂದ ಮನುಷ್ಯ ಊಟ ಬಿಟ್ಟು, ಮಾತು ಬಿಟ್ಟು, ಗೋಡೆ ನೋಡುತ್ತ ಕೂತರು. ಬರೀ ರುಚಿ ನೋಡಿ ಉಗುಳುತ್ತೇನೆ, ಅಷ್ಟಕ್ಕಾದರೂ ಬಿಡು ಎಂದು ಹೆಂಡತಿಯನ್ನು ಚಿಕ್ಕ ಮಗುವಿನ ಹಾಗೆ ಗೋಗರೆದರು. ಅಕ್ಕ ತಮ್ಮನ ಅಂಗಡಿಗೆ ಬಂದು, ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟು ಹೇಳಿದ್ದಳು: "ನಿನ್ನ ಕಣ್ಣೆದುರು ಅಂದ್ರೆ ಮಾತ್ರ ಕಳಿಸ್ತೀನಿ. ಒಂದು ತೊಟ್ಟು ಗಂಟಲಿಗಿಳಿದ್ರೆ ನೀನು ನನ್ನ ತಮ್ಮನೇ ಅಲ್ಲ."

ಅವನು ಹೂಂ ಅಂದಿದ್ದ. ಹೂಂ ಅನ್ನುವುದಕ್ಕೇನು ಖರ್ಚು? ನಿಜ ಹೇಳಬೇಕೆಂದರೆ ಅವನಿಗೂ ಭಾವ ಬೇಕಾಗಿದ್ದರು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂಡುತ್ತಿದ್ದ ಆ ಕೂಟಕ್ಕೆ ಜೀವ ಬರುತ್ತಿದ್ದದ್ದೇ ಭಾವನಿಂದ. ರೇಡಿಯೋದಲ್ಲಿ ಸುದ್ದಿ ಓದಿ ನಿವೃತ್ತರಾದವರು. ಅವರು ಬಾಯಿ ತೆರೆದರೆ ಉಪ್ಪಿನಕಾಯಿ ಜಾಡಿಯೂ ಕಿವಿಗೊಡಬೇಕು, ಅಂಥ ದನಿ. ಟೈಲರ್ ಹಳೆ ಪ್ಯಾಂಟುಗಳ ಕಾಲು ಕತ್ತರಿಸಿ ಬಾಟಲಿಗಳಿಗೆ ಚೀಲ ಹೊಲಿದಿದ್ದ. ಹೆಸರು ಕಾಣದ ಹಾಗೆ ಅದರೊಳಗಿಟ್ಟು ಸುರಿಯುವುದು, ಯಾವ ದ್ರಾಕ್ಷಿಯೆಂದು ಊಹಿಸಿ ಜಗಳವಾಡುವುದು, ಇದೇ ಆಟ. ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನ್ ಬಂದಾಗಲೆಲ್ಲ ಸೀಮೆಎಣ್ಣೆ ವಾಸನೆ ಅಂತ ಡ್ರೈವರ್ ಮೂಗು ಮುಚ್ಚುತ್ತಿದ್ದ. ಆ ಸೀಮೆಎಣ್ಣೆಗೇ ಜನ ಪ್ರಾಣ ಬಿಡ್ತಾರೆ ಎಂದು ಡಾಕ್ಟರಮ್ಮ ರೇಗುತ್ತಿದ್ದರು. ಕ್ಯಾಬರ್ನೆ ಹೊಸ ಚಪ್ಪಲಿ ಇದ್ದ ಹಾಗೆ, ಮೊದಲು ಕಚ್ಚುತ್ತದೆ, ಆಮೇಲೆ ಬಿಟ್ಟಿರಲು ಆಗುವುದಿಲ್ಲ ಎನ್ನುವುದು ಭಾವನ ಮಾತು. ಮೆರ್ಲೋ ಒಳ್ಳೆ ಅಳಿಯ, ಬೈಯಲೂ ಏನಿಲ್ಲ, ಹೊಗಳಲೂ ಏನಿಲ್ಲ. ಇಂಥದ್ದನ್ನೆಲ್ಲ ಕೇಳುತ್ತಲೇ ಟೈಲರನ ನಾಲಿಗೆ ತಯಾರಾದದ್ದು.

ಅಕ್ಕನಿಗೆ ಹೇಳುವ ಮೊದಲು ಭಾವನನ್ನೇ ಕೇಳೋಣವೆಂದುಕೊಂಡ. ಅಳತೆ ತೆಗೆಯುವ ನೆಪದಲ್ಲಿ ಅಂಗಡಿಗೆ ಕರೆಸಿದ. ಸೊಂಟದ ಸುತ್ತ ಟೇಪು ಹಿಡಿದಾಗ ಹೊಟ್ಟೆ ಮತ್ತೆ ಬಿಗಿದಿದ್ದದ್ದು ಕೈಗೇ ಗೊತ್ತಾಯಿತು. ಮಗ್ಗಿನ ವಿಷಯ ಎತ್ತಿದ. ಭಾವ ಗಲಿಬಿಲಿಯಾಗಲೂ ಇಲ್ಲ, ಸಿಟ್ಟಿಗೇಳಲೂ ಇಲ್ಲ.

"ವೈನಿನ ಕೊನೆ ಇರೋದು ಗಂಟಲಲ್ಲಿ ಕಣೋ," ಅಂದರು. "ಉಗುಳಿದ್ರೆ ಸುದ್ದಿಯನ್ನ ಅರ್ಧಕ್ಕೇ ನಿಲ್ಲಿಸಿದ ಹಾಗೆ. ನಿಮ್ಮಕ್ಕನಿಗೆ ಇದು ಅರ್ಥ ಆಗಲ್ಲ. ನಿನಗಾಗುತ್ತೆ. ರುಚಿಗೆ ಒಂದು ಗುಟುಕು, ಅಷ್ಟೇ."

ಅವನಿಗೆ ಅರ್ಥವಾಯಿತು, ಬಂದ ಕೇಡೇ ಅದು. ಅಕ್ಕನಂಥವರಾಗಿದ್ದರೆ ಛೀ ಅಂದು ಮುಗಿಸುತ್ತಿದ್ದರು. ಇವನು ರುಚಿ ಬಲ್ಲವನು, ನುಂಗಿದ ಮೇಲೆ ಮೆಲ್ಲಗೆ ಮೇಲೇರಿ ಬರುವ ಆ ಕೊನೆಯ ಪರಿಮಳ ಎಂಥದ್ದೆಂದು ಗೊತ್ತಿದ್ದವನು. ಪಾಪ, ಅಷ್ಟೂ ಇಲ್ಲದೆ ಮನುಷ್ಯ ಬದುಕುವುದಾದರೂ ಯಾಕೆ ಎಂದುಕೊಂಡು ಸುಮ್ಮನಾದ. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮುಂದಿನ ಕೂಟಕ್ಕೆ ಅವನು ಒಂದು ಬಾಟಲಿಯನ್ನು ಯಾರಿಗೂ ಹೇಳದೆ ತಂದಿಟ್ಟ. ಶಿರಾಜ್ ದ್ರಾಕ್ಷಿಯದ್ದೇ, ವೈನ್ ಮಾಡಿ ಆಮೇಲೆ ಅದರೊಳಗಿನ ಮದ್ಯವನ್ನು ಪೂರ್ತಿ ತೆಗೆದುಹಾಕಿದ್ದು. ಬಣ್ಣ ಇದೆ, ಪರಿಮಳ ಇದೆ, ಅಮಲು ಮಾತ್ರ ಇಲ್ಲ. ಲೆಕ್ಕಾಚಾರ ಸರಳವಾಗಿತ್ತು. ಭಾವ ರುಚಿಗಾಗಿ ನುಂಗುವವರಾದರೆ ಇದನ್ನೂ ನುಂಗುತ್ತಾರೆ. ನುಂಗಲಿ ದೇವರೇ, ನುಂಗಲಿ ಎಂದು ಬೇಡಿಕೊಳ್ಳುತ್ತಲೇ ಅದಕ್ಕೊಂದು ಬೂದು ಪ್ಯಾಂಟಿನ ಕಾಲು ತೊಡಿಸಿ ಬೇರೆ ಬಾಟಲಿಗಳ ನಡುವೆ ನಿಲ್ಲಿಸಿದ.

ಭಾವನ ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು, ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು. ಆದರೂ ದನಿ ಮಾತ್ರ ಹಾಗೇ. ಮೊದಲ ಬಾಟಲಿ, ಎರಡನೆಯದು, ವಿವರಿಸಿದ್ದೇ ವಿವರಿಸಿದ್ದು. ಪ್ರತಿ ಸಲವೂ ನೀರಿನ ಲೋಟ, ಮಗ್ಗಿಗೆ ನೀರು. ಡಾಕ್ಟರಮ್ಮ, ಡ್ರೈವರ್ ಇಬ್ಬರಿಗೂ ಗೊತ್ತಾದ ಹಾಗಿರಲಿಲ್ಲ; ಗೊತ್ತಾಗಿಯೂ ತಲೆ ತಗ್ಗಿಸಿದ್ದರೋ ಏನೋ, ಯಾರು ಕಂಡರು!

ಟೈಲರ್ ಬೂದು ಚೀಲದ ಬಾಟಲಿ ಸುರಿದ. ಮೆಣಸಿನ ಡಬ್ಬಿ ತೆಗೆದ ಹಾಗಿದೆ ಎಂದ ಡ್ರೈವರ್. ಮೂಗಿಗೆ ಶಿರಾಜ್, ಬಾಯಿಗೆ ಯಾಕೋ ಸಪ್ಪೆ ಎಂದು ಡಾಕ್ಟರಮ್ಮ ಹುಬ್ಬುಗಂಟಿಕ್ಕಿದರು. ಭಾವ ಬಾಯಿಗೆ ಹಾಕಿಕೊಂಡರು. ಒಂದೇ ಕ್ಷಣ ದವಡೆ ಆಡಿತು, ನಿಂತಿತು. ನೀರಿನ ಲೋಟಕ್ಕೆ ಕೈ ಹೋಗಲೇ ಇಲ್ಲ. ಮಗ್ಗನ್ನು ಬಾಯಿ ಹತ್ತಿರ ತಂದು ಹಾಗೇ ಉಗುಳಿದರು. ತಿಳಿನೀರಿನೊಳಗೆ ಕೆಂಪು ನಿಧಾನವಾಗಿ ಹರಡಿತು.

ಟೈಲರ್ ತಲೆಯೆತ್ತಿದಾಗ ಭಾವ ಅವನನ್ನೇ ನೋಡುತ್ತಿದ್ದರು. ಸಿಕ್ಕಿಬಿದ್ದೆನೆಂದು ಅವರಿಗೆ ಗೊತ್ತಾಗಿತ್ತು. ನಾಚಿಕೆಯಾದರೂ ಇರಬೇಕಿತ್ತು ಆ ಮುಖದಲ್ಲಿ; ಅಲ್ಲಿದ್ದದ್ದು ಹಸಿವು. "ಮುಂದಿನದ್ದು ಸುರಿ," ಎಂದರು ಭಾವ. ಅವನು ಸುರಿಯಲಿಲ್ಲ. ಅವರೇ ಕೈಚಾಚಿ ಬಾಟಲಿ ಎಳೆದುಕೊಂಡು ತಮ್ಮ ಗ್ಲಾಸಿಗೆ ಬಗ್ಗಿಸಿಕೊಂಡರು.

ಸಂಜೆ ಅಕ್ಕ ಆಟೋ ನಿಲ್ಲಿಸಿಕೊಂಡು ಬಂದಳು. ಡ್ರೈವರ್ ಭಾವನ ತೋಳು ಹಿಡಿದು ಮೆಟ್ಟಿಲಿಳಿಸುತ್ತಿದ್ದ. ಡಾಕ್ಟರಮ್ಮ ಆಗಲೇ ಹೊರಟಿದ್ದರು. ಭಾವ ಬಿಟ್ಟು ಹೋಗಿದ್ದ ಕನ್ನಡಕಕ್ಕಾಗಿ ಅಕ್ಕ ಮೇಲೆ ಬಂದಳು. ಯಾವಾಗಲೂ ಅವಳು ಬರುವಷ್ಟರಲ್ಲಿ ಎಲ್ಲ ತೊಳೆದಾಗಿರುತ್ತಿತ್ತು. ಇವತ್ತು ಟೈಲರ್ ಒಂದು ಮಗ್ಗನ್ನೂ ಮುಟ್ಟಿರಲಿಲ್ಲ.

"ಇದು ಅವರದ್ದಾ?" ಅಕ್ಕ ಮಗ್ಗನ್ನು ಎತ್ತಿಕೊಂಡಳು.

ಹೌದೆಂದು ತಲೆಯಾಡಿಸಿದ. ಅವಳು ಅದನ್ನು ಬೆಳಕಿಗೆ ವಾಲಿಸಿ, ಒಳಗಿನ ತೆಳುಗೆಂಪನ್ನು ಬಹಳ ಹೊತ್ತು ನೋಡಿದಳು. ನೋಡನೋಡುತ್ತ ಅವಳ ಮುಖ ಸಡಿಲವಾಯಿತು. ಆ ಮುಖವನ್ನು ಹಾಗೆ ಕಂಡು ಅವನಿಗೆ ಎಷ್ಟೋ ಕಾಲವಾಗಿತ್ತು.

"ಉಗುಳ್ತಿದಾರೆ," ಎಂದಳು ಮೆಲ್ಲಗೆ. "ನಾನೇ ಪಾಪಿ. ಕಾಲು ಊದಿದ್ದು ನೋಡಿ, ಕುಡೀತಿದಾರೇನೋ ಅಂತ ಅನುಮಾನ ಪಟ್ಟೆ. ನಿನ್ನೆ ಏನೇನೋ ಅಂದುಬಿಟ್ಟೆ ಕಣೋ ಅವರನ್ನ." ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದು ಹೂಂ ಸಾಕಾಗಿತ್ತು. ಅಷ್ಟು ಅಂದಿದ್ದರೆ ಅಕ್ಕ ನಗುತ್ತ ಮೆಟ್ಟಿಲಿಳಿದು ಹೋಗಿಬಿಡುತ್ತಿದ್ದಳು. ಟೈಲರನ ನಾಲಿಗೆಗೆ ಆ ಹೂಂ ಬಂದೂ ಬಂದಿತ್ತು.

"ಅಕ್ಕ," ಎಂದ. "ಸ್ವಲ್ಪ ಕೂತ್ಕೋ."

ಅವಳು ಕೂರಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತಳು. ಕೆಳಗೆ ಬೀದಿಯಲ್ಲಿ ಭಾವ ಡ್ರೈವರನಿಗೆ ಕೊನೆಯ ಬಾಟಲಿಯ ಗುಣ ವಿವರಿಸುತ್ತಿದ್ದರು, ಒಂದೊಂದು ಅಕ್ಷರವೂ ಸ್ಪಷ್ಟ. ಅಕ್ಕ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.