ಸುಳ್ಳು ಸೀನು

ಒಂದು ಕೂದಲು, ಕಂಡೂ ಕಾಣದಷ್ಟು ಸಣ್ಣದು, ಫ್ಯಾನಿನ ಗಾಳಿಗೆ ಮೇಲೆದ್ದು, ಟ್ಯೂಬ್‌ಲೈಟಿನ ಕೆಳಗೆ ಒಂದು ಸುತ್ತು ಹಾಕಿ, ಯಾವ ಅವಸರವೂ ಇಲ್ಲದವರ ಹಾಗೆ ಇಳಿದಿಳಿದು ಅವಳ ಮೊಣಕಾಲಿನ ಮೇಲೆ ಕೂತಿತು, ಬಾ ತಾಯಿ, ಕೂತ್ಕೋ, ಕಾಫಿ ಕುಡೀತೀಯಾ — ಮನಸ್ಸಿನಲ್ಲೇ ಉಪಚಾರ ಮುಗಿಸಿ ಅವಳು ಮೂಗಿನ ಕಡೆ ಗಮನ ಕೊಟ್ಟಳು, ಈಗ ಬರುತ್ತದೆ, ಮೂಗಿನ ಬುಡದಲ್ಲಿ ಇರುವೆ ಹರಿದಂತಾಗಿ, ಕಣ್ಣು ತುಂಬಿ, ಬಾಯಿ ತಾನಾಗಿ ತೆರೆದು, ಈಗ, ಈಗ — ಇಲ್ಲ, ಬರಲಿಲ್ಲ. ಗಾಜಿನ ಗೋಡೆಯ ಕೋಣೆ, ಒಂಬತ್ತು ಕುರ್ಚಿ, ಒಂಬತ್ತು ಮೂಗು, ಮೂಲೆಯಲ್ಲಿ ಬೆಕ್ಕುಗಳು ಮಲಗೆದ್ದ ಕಂಬಳಿಗಳ ಗುಡ್ಡೆ, ಅದರ ಹಿಂದೆ ಫ್ಯಾನು, ಬೆಕ್ಕೊಂದನ್ನು ಬಿಟ್ಟು ಬೆಕ್ಕಿನದೆಲ್ಲ ಇದೆ ಇಲ್ಲಿ, ಪ್ರತಿಯೊಬ್ಬರ ತೊಡೆಯ ಮೇಲೂ ಒಂದು ರಟ್ಟು, ಒಂದು ಕಾರ್ಡು, ರಬ್ಬರಿರುವ ಒಂದು ಪೆನ್ಸಿಲ್ಲು. ಹತ್ತು ನಿಮಿಷಕ್ಕೊಮ್ಮೆ ಸೀನಿಗೆ, ಮೂಗಿಗೆ, ಕಣ್ಣಿಗೆ ಅಂಕ ಹಾಕಬೇಕು, ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಮೂರು. ವರ್ಷದ ಹಿಂದೆ, ಮೊದಲ ಚುಚ್ಚುಮದ್ದಿಗೂ ಮುಂಚೆ, ಇದೇ ಕುರ್ಚಿಯಲ್ಲಿ ಇಪ್ಪತ್ತೇ ನಿಮಿಷಕ್ಕೆ ಮೂರು ಮೂರು ಮೂರು ಬರೆದು ಫಸ್ಟ್ ಕ್ಲಾಸಿನಲ್ಲಿ ಹೊರಗೆ ಬಿದ್ದಿದ್ದವಳು ಅವಳು. ಇವತ್ತು ಬೆಕ್ಕಿನ ಅಲರ್ಜಿಯ ಹೊಸ ಮದ್ದಿನ ಕೊನೆಯ ಪರೀಕ್ಷೆ, ಐವತ್ತು ನಿಮಿಷವಾಯಿತು, ಕಾರ್ಡಿನ ತುಂಬ ಸೊನ್ನೆಗಳು, ಕೋಳಿ ಮೊಟ್ಟೆಯಿಟ್ಟು ಹೋದ ಹಾಗೆ. ಪಕ್ಕದ ಕುರ್ಚಿಯ ಬಸ್ ಡ್ರೈವರಣ್ಣ ಮಾತ್ರ ತಿರುವಿನಲ್ಲಿ ಹಾರ್ನ್ ಹೊಡೆದಂತೆ ಸೀನುತ್ತಿದ್ದಾನೆ, ಅವನನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಎಷ್ಟು ಸುಖವಾಗಿ ಸೀನುತ್ತಾನೆ ಪುಣ್ಯಾತ್ಮ, ಸೀನಿ ಮುಗಿಸಿ ಇವಳ ಕಾರ್ಡಿನ ಕಡೆ ಕತ್ತು ಚಾಚಿ, ನಂಗೆ ಔಷಧಿ ಬದಲು ಉಪ್ಪುನೀರೇ ಚುಚ್ಚಿರೋದು ಮೇಡಂ, ಗ್ಯಾರಂಟಿ, ಆದ್ರೆ ನಿಮ್ಮ ಸೊನ್ನೆ ನೋಡಿದ್ರೆ ಧೈರ್ಯ ಬರುತ್ತೆ, ಕೆಲಸ ಮಾಡುತ್ತೆ ಅಂತಾದ್ರೆ ನಾಳೆ ನಮಗೂ ನಿಜವಾದ್ದು ಕೊಡ್ತಾರಂತೆ, ಮಗಳು ಬೆಕ್ಕಿನ ಮರಿ ಬೇಕು ಅಂತ ಕೂತಿದಾಳೆ, ಎನ್ನುತ್ತಾನೆ.

ಬೇಕು ಬೆಕ್ಕು, ಬೇಡ ಬೆಕ್ಕು. ಅರ್ಧ ಜನಕ್ಕೆ ನಿಜವಾದ ಔಷಧಿ, ಅರ್ಧ ಜನಕ್ಕೆ ಉಪ್ಪುನೀರು, ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲಮ್ಮಾ — ಡಾಕ್ಟರು ಒಂದೊಂದು ಮಾತನ್ನೂ ಮಾತ್ರೆಯಂತೆ ನೀರು ಕುಡಿಸಿ ನುಂಗಿಸುವವರು, ಅವರ ದನಿಯನ್ನು ಅವಳು ಎರಡನೇ ವಾರಕ್ಕೇ ಕದ್ದಿದ್ದಳು, ಬೆಕ್ಕಿನ ಅಂಶವನ್ನೇ, ಚೂರು, ಚೂರೇ, ಮೈಯೊಳಗೆ ಬಿಡ್ತೀವಿ, ಆಗದವರನ್ನ ದಿನಾ ಮನೆಗೆ ಕರೆದು ಕಾಫಿ ಕೊಟ್ಟ ಹಾಗೆ, ಕೊನೆಗೆ ಮೈ ಜಗಳ ಆಡೋದನ್ನೇ ಬಿಟ್ಟುಬಿಡುತ್ತೆ. ಮೈ ಬಿಡಬಹುದು ಡಾಕ್ಟ್ರೇ, ಹೊಟ್ಟೆ ಬಿಡಬೇಕಲ್ಲ, ಹೊಟ್ಟೆಕಿಚ್ಚಿಗೆ ಇನ್ನೂ ಯಾರೂ ಸೂಜಿ ಕಂಡುಹಿಡಿದಿಲ್ಲ. ಮನೆಯಲ್ಲಂತೂ ಈ ಚಿಕಿತ್ಸೆ ಎರಡು ವರ್ಷದಿಂದ ನಡೆದೇ ಇದೆ, ಚೂರು ಚೂರೇ, ಸಕ್ಕರೆ ಡಬ್ಬಿಯ ಮೇಲಿನ ಚೀಟಿಯಲ್ಲಿ ಆ ಇನ್ನೊಬ್ಬಳ ಗುಂಡು ಅಕ್ಷರ, ಬಾಗಿಲ ಹಿಂದಿನ ಮೊಳೆಗೆ ಅವಳ ಕೊಡೆ — ಗಂಡನ ಮೊದಲನೇ ಹೆಂಡತಿ, ಇವಳ ಖಾಸಗಿ ನಿಘಂಟಿನಲ್ಲಿ ಮೊದಲನೇ ಡೋಸು, ಹಾಗಾದರೆ ತಾನು ಬೂಸ್ಟರು — ವಿಚ್ಛೇದನವಾಗಿ ಬೇರೆ ಊರಿಗೆ ಹೋಗುವಾಗ ಬೆಕ್ಕನ್ನು ಅವನ ಕೈಗಿಟ್ಟು ಹೋದಳು, ಸ್ವಲ್ಪ ದಿನ ಇಟ್ಕೊಂಡಿರೋ, ಮನೆ ಸಿಕ್ಕಿದ ಮೇಲೆ ಕರ್ಕೊಂಡು ಹೋಗ್ತೀನಿ, ಆ ಸ್ವಲ್ಪ ದಿನಕ್ಕೀಗ ನಾಲ್ಕು ವರ್ಷ. ಭಾನುವಾರ ಹನ್ನೊಂದಕ್ಕೆ ಬೆಕ್ಕನ್ನು ನೋಡಲು ವಿಡಿಯೋ ಕಾಲ್, ಎಲ್ಲೋ ನನ್ನ ಪುಟ್ಟಿ, ತೋರಿಸೋ, ಅಯ್ಯೋ ಸಣ್ಣ ಆಗಿದಾಳಲ್ಲೋ, ನೀನು ದಪ್ಪ ಆಗಿದೀಯ ಕಣೋ. ಓ, ಓ, ಓ — ಒಂದೇ ಅಕ್ಷರದಲ್ಲಿ ಎಂಟು ವರ್ಷದ ಸಂಸಾರ. ಇವಳು ಮಾತ್ರ ರೀ.

ರೀ ಅನ್ನುವುದಕ್ಕೆ ಮೂಗು ಬೇಡ, ಅದೊಂದು ಅನುಕೂಲ. ದನಿಯೇ ಕಸುಬಾದವಳು, ಸಿನಿಮಾಗಳಿಗೆ, ಮಕ್ಕಳ ಕಾರ್ಟೂನುಗಳಿಗೆ ಡಬ್ಬಿಂಗ್ ಮಾಡುವವಳು, ಅಜ್ಜಿ, ಅಳುವ ಮಗು, ಆನೆ, ಏನು ಬೇಕು ಕೇಳಿ, ಅಂಥವಳು ಈ ಮನೆಗೆ ಕಾಲಿಟ್ಟ ಮೂರನೇ ದಿನಕ್ಕೆ ಮೂಗು ಕಟ್ಟಿ ನ ಎಂಬುದು ದ ಆಯಿತು, ಮ ಎಂಬುದು ಬ ಆಯಿತು, ನಾನು ದಾದು, ಮನೆ ಬದೆ, ಅತ್ತೆಗೆ ಫೋನು ಮಾಡಿ ನನ್ನ ಗಂಡ ಎನ್ನಲು ಹೋದರೆ ದದ್ದ ಗಡ್ಡ ಎಂದು ಹೊರಟು, ಯಾವಾಗಮ್ಮಾ ಗಡ್ಡ ಬಿಟ್ಟ ಅವನು, ಬೋಳಿಸ್ಕೋ ಅಂತ ಹೇಳು. ನುಣ್ಣಗೆ ಕ್ಷೌರ ಮಾಡಿಕೊಳ್ಳುವ ಆ ಮನುಷ್ಯ ಅಂದಿನಿಂದ ಇವಳ ಪಾಲಿಗೆ ಗಡ್ಡ, ತಾನು ಹೆಂಡತಿಯಲ್ಲ, ಹೆಡ್ಡತಿ. ಸ್ಟುಡಿಯೋದವರು ನೆಗಡಿಯಾದ ಪಾತ್ರವಿದ್ದರೆ ಮಾತ್ರ ಕರೆಯತೊಡಗಿದರು. ಒಂದು ಸಲ, ನ ಇಲ್ಲದ ಮ ಇಲ್ಲದ ಮಾತು ಹುಡುಕಿ, ಧೈರ್ಯ ಮಾಡಿ, ಬಾರೋ ಊಟಕ್ಕೆ ಎಂದು ಕೂಗಿದಳು, ಬಾಯಿಂದ ಬಂದದ್ದು ಥೇಟ್ ಮೊದಲನೇ ಡೋಸಿನ ದನಿ, ಗಡ್ಡ ಟವೆಲ್ಲಿನಲ್ಲೇ ಓಡಿ ಬಂದ, ಅಡುಗೆಮನೆಯಲ್ಲಿ ಇವಳೊಬ್ಬಳೇ ಇರುವುದನ್ನು ಕಂಡು ನಿಂತ, ಆ ಮುಖದಲ್ಲಿ ಇದ್ದದ್ದು ಸಮಾಧಾನವೋ ನಿರಾಸೆಯೋ, ಇವತ್ತಿಗೂ ಬಗೆಹರಿದಿಲ್ಲ.

ಆದರೆ ಅದೇ ಮೂಗು ಒಂದು ಬಾಗಿಲನ್ನು ಮುಚ್ಚಿಸಿತ್ತು, ಬೆಡ್‌ರೂಮಿನದು. ಇಡೀ ಮನೆಯಲ್ಲಿ ಬೆಕ್ಕು ಕಾಲಿಡದ, ಮೊದಲನೇ ಡೋಸಿನ ಒಂದು ಚೀಟಿಯೂ ಇಲ್ಲದ ಜಾಗ, ಅಲ್ಲಿ ಗಡ್ಡ ಇವಳೊಬ್ಬಳದೇ. ಬಾಗಿಲಾಚೆ ಮಾತ್ರ — ಮದುವೆಯಾದ ಮೊದಲ ಚಳಿಗೆ ಇವಳು ನಾಲ್ಕು ಅಂಗಡಿ ಹತ್ತಿಳಿದು ತಂದ ಬೂದು ಸ್ವೆಟರು ಹಾಕಿಕೊಂಡು ಅವನು ಸೋಫಾದಲ್ಲಿ ಒರಗುವುದೇ ತಡ, ಬೆಕ್ಕು ದೊರೆಸಾನಿ ಅವನ ಹೊಟ್ಟೆ ಏರಿ, ಕಣ್ಣು ಅರೆ ಮುಚ್ಚಿ, ಎರಡು ಮುಂಗಾಲಲ್ಲಿ ಹಿಟ್ಟು ನಾದಿದಂತೆ ನಾದುತ್ತಾಳೆ, ಎಡ, ಬಲ, ಎಡ, ಬಲ, ಉಗುರಿಗೆ ಎಳೆ ಸಿಕ್ಕಿ ಸಿಕ್ಕಿ ಹೊಟ್ಟೆಯ ತುಂಬ ನೂಲಿನ ಕುಣಿಕೆಗಳು ಎದ್ದಿವೆ. ಸ್ವೆಟರ್ ಹಾಳಾಯ್ತಲ್ರೀ ಎಂದರೆ, ಇರಲಿ ಬಿಡು, ಅವಳ ಸಹಿ, ಎನ್ನುತ್ತಾನೆ, ಬೆಕ್ಕಿನ ಜೊತೆ ಒಂದು ದನಿ ತೆಗೆಯುತ್ತಾನೆ, ಗಂಟಲಿನದಲ್ಲ, ಇನ್ನೂ ಕೆಳಗಿನದು, ಊರಿನವರ ದನಿಯೆಲ್ಲ ಕದ್ದವಳಿಗೆ ಅದೊಂದು ಮಾತ್ರ ಸಿಕ್ಕಿಲ್ಲ, ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಿದ್ದಾಳೆ, ನಾಚಿಕೆಯಾಗಿ ನಲ್ಲಿ ತಿರುಗಿಸಿ ನೀರಿನ ಸದ್ದಿನಲ್ಲಿ ಮುಚ್ಚಿದ್ದಾಳೆ. ಈ ಪರೀಕ್ಷೆಯ ಸುದ್ದಿ ಕಳಿಸಿದ್ದು ಯಾರು, ಮೊದಲನೇ ಡೋಸೇ, ನಿನ್ನಾಕೆಗೆ ಹೇಳೋ, ಪಾಪ, ಅಷ್ಟೊಂದು ಸೀನ್ತಾಳಲ್ಲ. ಆ ಪಾಪ ಎಂಬುದಕ್ಕೆ ಮೈ ಪರಚಿಕೊಳ್ಳುವ ಹಾಗಾಗಿತ್ತು, ಅಲರ್ಜಿಯ ತುರಿಕೆಯೇ ವಾಸಿ. ಮೂಗು ಸರಿಹೋದ ದಿನ ಬೆಡ್‌ರೂಮಿನ ಬಾಗಿಲು ತೆಗೆಯೋಣ, ಪುಟ್ಟಿ ರಾತ್ರಿಯೆಲ್ಲ ಆಚೆ ಕೂಗ್ತಾಳೆ ಅಂದಿದ್ದ ಗಡ್ಡ, ಹೂಂ ಅಂದಿದ್ದಳು. ಪ್ರತಿ ಚುಚ್ಚುಮದ್ದಿಗೂ ಅವನೇ ಕರೆತಂದ, ಊದಿದ ತೋಳಿಗೆ ಒದ್ದೆ ಬಟ್ಟೆ ಒತ್ತಿದ, ಎಷ್ಟು ಮೆತ್ತಗೆ ಒತ್ತುತ್ತಿದ್ದ, ಯಾರಿಗೋಸ್ಕರ ಒತ್ತುತ್ತಿದ್ದ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಮೂಗು ಬಿಟ್ಟಿತ್ತು. ಸೋಪಿನ ವಾಸನೆ ಬಂತು, ಅವನ ಕತ್ತಿನ ವಾಸನೆ ಬಂತು. ಏಳು, ಕಾಫಿ ಆಯ್ತು, ಅಂದ ಅವನು, ದಾದು ಆಬೇಲೆ ಕುಡೀತೀದಿ, ಅಂದಳು ಅವಳು, ಅಂದೇಬಿಟ್ಟಳು, ಎರಡು ತಿಂಗಳಿಂದ ಸ್ಟುಡಿಯೋದಲ್ಲಿ ನಾನು, ಮನೆಯಲ್ಲಿ ದಾದು.

ಇಲ್ಲಿ ಮಾತ್ರ ಸುಳ್ಳು ಬೇಡ ಎಂದುಕೊಂಡೇ ಬಂದದ್ದು, ಕಾರ್ಡು ಎಂದರೆ ಕಾರ್ಡು, ಡ್ರೈವರಣ್ಣನ ಮಗಳ ಮರಿಯೂ ಇದರಲ್ಲಿದೆ. ಸೊನ್ನೆ, ಸೊನ್ನೆ, ಸೊನ್ನೆ. ಗಾಜಿನಾಚೆ ಕಾರಿಡಾರಿನ ಬೆಂಚಿನಲ್ಲಿ ಗಡ್ಡ, ಅದೇ ಬೂದು ಸ್ವೆಟರು, ಕಿವಿಗೆ ಫೋನು. ಶಬ್ದ ಈಚೆ ಬರುವುದಿಲ್ಲ, ತುಟಿ ಮಾತ್ರ ಆಡುತ್ತದೆ, ತುಟಿ ಕಂಡರೆ ದನಿ ತುಂಬುವುದು ಅವಳ ಕೈಚಳಕ, ಹದಿನೈದು ವರ್ಷದ ಅನ್ನ — ಯಾರ ಹತ್ತಿರ ಮಾತಾಡುತ್ತಿದ್ದಾನೆ, ಆ ಬೆನ್ನು ಬಾಗಿಸಿ ಕೂತ ರೀತಿ ಭಾನುವಾರ ಹನ್ನೊಂದರದು, ಅವಳೇ, ಹಾಗಾದರೆ ಶುರು, ಹಲೋ, ಕೊನೇ ಪರೀಕ್ಷೆ ಕಣೇ, ಇನ್ನೂ ಒಳಗೇ ಇದಾಳೆ, ವಾಸಿ ಆಗಿದೆ ಅಂತ ಕಾಣುತ್ತೆ, ಇವತ್ತಿಂದ ನಮ್ಮ ಪುಟ್ಟಿ ಬೆಡ್‌ರೂಮಲ್ಲೇ, ನಿನ್ನಿಂದಾನೇ ಆಯ್ತು — ತುಟಿಗೆ ಮಾತು ಎಷ್ಟು ಸರಿಯಾಗಿ ಕೂತಿತೆಂದರೆ ಸ್ಟುಡಿಯೋದಲ್ಲಾಗಿದ್ದರೆ ಒಂದೇ ಟೇಕಿಗೆ ಓಕೆ. ಆಮೇಲೆ ಅವನು ನಕ್ಕ. ಆ ಕಡೆಯವಳು ಏನೋ ಅಂದಳು, ಇವನು ತಲೆ ತಗ್ಗಿಸಿ ನಕ್ಕ, ನಗುತ್ತಲೇ ಹೆಬ್ಬೆರಳಿನಿಂದ ಸ್ವೆಟರಿನ ಕುಣಿಕೆಯೊಂದನ್ನು ಸವರಿದ. ಅಷ್ಟೇ ಸಾಕಾಯಿತು. ಸೀನು ಅಂದರೆ ಸೀನೇ, ಪರದೆ ಎದ್ದಾಯಿತು, ಕದ್ದಿಟ್ಟ ಸೀನುಗಳಲ್ಲಿ ಯಾವುದು ತೆಗೆಯಲಿ, ಅಪ್ಪನದು ಪಾತ್ರೆ ಬಿದ್ದ ಹಾಗೆ, ಶಾಲೆಯ ಹೆಡ್‌ಮಿಸ್‌ದು ಕ್ಷಮೆ ಕೇಳಿಕೊಂಡೇ ಬರುವಂಥದ್ದು, ತನ್ನದು ಹೇಗಿತ್ತು, ಹೇಗಿತ್ತು, ತನ್ನ ಸೀನನ್ನು ತಾನು ಒಂದು ದಿನವೂ ಕಿವಿಗೊಟ್ಟು ಕೇಳಿಲ್ಲ, ಸೀನುವಾಗ ಯಾರು ಕೇಳುತ್ತಾರೆ, ಅಪ್ಪನದನ್ನೇ ಅರ್ಧಕ್ಕೆ ಕತ್ತರಿಸಿ, ಬಾಲಕ್ಕೆ ಒಂದು ನರಳಾಟ ಸೇರಿಸಿ ಬಿಟ್ಟಳು, ಇನ್ನೊಂದು, ಇನ್ನೊಂದು, ಮುಷ್ಟಿಯಿಂದ ಕಣ್ಣು ಗಸಗಸ ಉಜ್ಜಿದಳು. ಸಿಸ್ಟರ್ ಟಾರ್ಚ್ ಹಿಡಿದು ಬಂದರು, ಬಂತಾ ಮೇಡಂ, ಬದ್ತು ಸಿಸ್ಟರ್, ಅಯ್ಯೋ ಕಣ್ಣು ಕೆಂಪಗಾಗಿಬಿಟ್ಟಿದೆಯಲ್ಲ. ರಬ್ಬರು ತಿಕ್ಕಿ ಹಿಂದಿನ ಸಾಲಿನ ಸೊನ್ನೆಗಳನ್ನೂ ಒರೆಸಿ, ಮೂರು, ಮೂರು, ಮೂರು. ಡ್ರೈವರಣ್ಣ ಸೀನುವುದನ್ನೂ ಮರೆತು ನೋಡಿದ, ನಿಮಗೂ ಬಂತಾ ಮೇಡಂ, ಅಂದ, ಅಷ್ಟೇ, ಮತ್ತೆ ತನ್ನ ಕಾರ್ಡಿನ ಕಡೆ ತಿರುಗಿಕೊಂಡ. ಎಲ್ಲದರಲ್ಲೂ ಮೂರು ಬಂದರೆ ಕೂರಿಸುವ ಹಾಗಿಲ್ಲ ಎಂಬ ನಿಯಮ, ಕಾರ್ಡು ಸಿಸ್ಟರ್ ಕೈಗೆ ಹೋಯಿತು, ಬಾಗಿಲು ತೆರೆಯಿತು.

ಕಾರಿಡಾರು, ಫಿನಾಯಿಲ್ ವಾಸನೆ, ಎಷ್ಟು ಚೆನ್ನಾಗಿ ಬರುತ್ತಿದೆ ವಾಸನೆ, ಬೆಂಚು, ಗಡ್ಡ ಎದ್ದು ಬಂದು ಅವಳ ಕಣ್ಣು ನೋಡಿದ, ಪರ್ಸಿನಿಂದ ಅವಳ ಕರ್ಚೀಫನ್ನು ತಾನೇ ತೆಗೆದುಕೊಟ್ಟ, ಕೂರಿಸಿದ. ಉಪ್ಪುನೀರೇ ಕೊಟ್ಟಿದಾರೆ ಅನ್ಸುತ್ತೆ ನಿಂಗೆ, ಅಂದ. ಹೋಗಲಿ ಬಿಡು. ನಾನು ಈಗ ಅವಳ ಹತ್ರ ಅದೇ ಮಾತಾಡ್ತಿದ್ದೆ, ಇವತ್ತು ಸರಿಹೋಗಿಲ್ಲ ಅಂದ್ರೆ ನಾಳೆನೇ ಬಂದು ಪುಟ್ಟೀನ ಕರ್ಕೊಂಡು ಹೋಗ್ಬಿಡು ಅಂತ, ಆಯ್ತು ಅಂದ್ಲು, ಒಂದು ವರ್ಷ ನಿನ್ನಾಕೆನ ಚುಚ್ಚಿಸಿ ಚುಚ್ಚಿಸಿ ಜರಡಿ ಮಾಡಿದೀಯ ಅಂತ ಬೈದ್ಲು, ನಂಗೆ ನಗು ಬಂತು. ಸಾಕು ಇನ್ನು ಸೂಜಿ. ನಿನಗಿಂತ ಬೆಕ್ಕು ಹೆಚ್ಚಾ — ಎರಡು ವರ್ಷದಿಂದ ಈ ಒಂದು ಮಾತಿಗೆ ಬಾಯಿ ಬಿಟ್ಟುಕೊಂಡು ಕಾದಿದ್ದಳು, ಅವನ ತುಟಿಗೆ ಎಷ್ಟೋ ಸಲ ತಾನೇ ಡಬ್ ಮಾಡಿಟ್ಟಿದ್ದಳು, ಈಗ ಅವನದೇ ದನಿಯಲ್ಲಿ ಬಂತು, ಗಂಟಲಿನದಲ್ಲ, ಇನ್ನೂ ಕೆಳಗಿನದು, ಅದೇ, ಬೆಕ್ಕಿಗೆ ಮಾತ್ರ ಎಂದುಕೊಂಡಿದ್ದದ್ದು, ಅದು ಬಂದದ್ದು ಒಂದು ಸುಳ್ಳು ಸೀನಿಗೆ. ಹೇಳಿಬಿಡಬೇಕು, ಈಗಲೇ, ಸಿಸ್ಟರ್ ಇನ್ನೂ ಮೇಜಿನ ಹತ್ತಿರವೇ ಇದ್ದಾರೆ, ಕಾರ್ಡು ಇನ್ನೂ ಅದರ ಮೇಲೆಯೇ ಇದೆ, ನನಗೆ ವಾಸಿಯಾಗಿದೆ ಎಂದರೆ ಮುಗಿಯಿತು, ಬಾಗಿಲು ತೆರೆಯುತ್ತದೆ, ದೊರೆಸಾನಿ ಒಳಗೆ ಬರುತ್ತಾಳೆ, ಹೊಟ್ಟೆ ಏರುತ್ತಾಳೆ, ಎಡ, ಬಲ, ಬರಲಿ, ಹೇಳು, ಬಾಯಿ ತೆರೆದಳು, ಏನು, ಅಂದ ಅವನು, ಏದಿಲ್ಲ, ಅಂದಳು. ಅವನು ತಲೆಯಾಡಿಸಿ ಗಾಜಿನ ಕಡೆ ನೋಡುತ್ತ ಕೂತ. ಹೊಟ್ಟೆಯ ಮೇಲೆ ಎದ್ದಿದ್ದ ಕುಣಿಕೆಯೊಂದನ್ನು ಹೆಬ್ಬೆರಳಿನಿಂದ ಒಳಗೆ ತಳ್ಳಿದ. ಅದು ಮತ್ತೆ ಹೊರಗೆ ಬಂತು. ಮತ್ತೆ ತಳ್ಳಿದ, ಮೆತ್ತಗೆ, ಮತ್ತೆ ಬಂತು, ಮತ್ತೆ ಹೆಬ್ಬೆರಳು, ಮತ್ತೆ ಬೂದು ನೂಲು, ಹೆಬ್ಬೆರಳು, ನೂಲು